ಲೋಟ ಎಲ್ಲಿಂದ ಬಂತು

ತೊಂಡೇಬಾವಿ
21 ಆಗಸ್ಟ್ 1988

ಅಪ್ಪನಿಗೆ,

ಬಸ್ಸು ಚಿಕ್ಕಬಳ್ಳಾಪುರದಲ್ಲಿ ಕೆಟ್ಟು ನಿಂತದ್ದರಿಂದ ನಾನು ಇಲ್ಲಿ ಇಳಿದಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಫಿಲ್ಮಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಏನಮ್ಮ ಅದು, ತುಪ್ಪಾನಾ?" ಎಂದು ಕೇಳಿದರು. ಹೌದು ಎಂದೆ. ಮುಚ್ಚಳ ತೆಗೆದು ತೋರಿಸು ಅಂದುಬಿಟ್ಟರೆ ಎಂದು ಹೆದರಿ ಆಮೇಲೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ. ಬೆಳಕು ತಾಗಿದರೆ ಮುಗಿಯಿತು.

ಡಬ್ಬ ಈಗ ಮದರಾಸಿನ ಲ್ಯಾಬಿಗೆ ಹೋಗಿದೆ. ಅಲ್ಲಿ ತೊಳೆದು ಪ್ರಿಂಟು ಹಾಕಿ ಕಳಿಸಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಅದರಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಏನೂ ಇಲ್ಲದಿರಲೂಬಹುದು. ಕ್ಯಾಮೆರಾಕ್ಕೆ ಫಿಲ್ಮು ಹಾಕುವಾಗ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ ಬೆರಳಿನಿಂದಲೇ ತಡವಿ ಹಾಕಬೇಕು. ನಮ್ಮ ಹಿತ್ತಲಲ್ಲಿ ಕುಳಿತು ಹಾಕುವಾಗ ಸರಿಯಾಗಿ ಕೂತಿತೋ ಇಲ್ಲವೋ ತಿಳಿಯಲಿಲ್ಲ. ಒಳಗಿನ ಚಕ್ರದ ಒಂದು ಹಲ್ಲು ಫಿಲ್ಮಿನ ತೂತಿಗೆ ತಪ್ಪಿ ಕೂತಿದ್ದರೂ ಫಿಲ್ಮು ಓಡಿರುವುದಿಲ್ಲ. ಕ್ಯಾಮೆರಾ ಸದ್ದು ಮಾಡುತ್ತದೆ, ಚಿತ್ರ ಮೂಡುವುದಿಲ್ಲ. ಹೋದ ವರ್ಷ ಒಬ್ಬನಿಗೆ ಹಾಗಾಗಿ ಅವನು ಶಾಲೆ ಬಿಟ್ಟು ಹೋದನಂತೆ.

ಅಲ್ಲಿ ಏನು ಪಾಠ ಹೇಳುತ್ತಾರೆ ಎಂದು ಅಮ್ಮ ಕೇಳಿದ್ದಳು, ಓದಿ ಹೇಳಿ. ಪುಸ್ತಕದ ಪಾಠ ಕಡಿಮೆ. ಇದು ಸರ್ಕಾರದ ಶಾಲೆಯಲ್ಲ. ಸ್ಟೇಷನ್ನಿನ ಹಿಂದೆ ಹಳೆಯ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ದಕ್ಷಿಣಾಮೂರ್ತಿ ಸರ್ ತಾವೇ ನಡೆಸುತ್ತಾರೆ. ಗೋಡೆ ಮುಟ್ಟಿದರೆ ಈಗಲೂ ಕೈಗೆ ಜಿಡ್ಡು ಹತ್ತುತ್ತದೆ. ಬೊಂಬಾಯಿಯಲ್ಲಿ ಕ್ಯಾಮೆರಾ ಹಿಡಿದು ದುಡಿದು ಬಂದವರು ಅವರು. ದೀಪ ಕಟ್ಟುವುದು, ಫಿಲ್ಮು ಕತ್ತರಿಸುವುದು, ಅಂಟಿಸುವುದು, ಪ್ರೊಜೆಕ್ಟರ್ ಓಡಿಸುವುದು ಎಲ್ಲವನ್ನೂ ನಮ್ಮ ಕೈಯಲ್ಲೇ ಮಾಡಿಸುತ್ತಾರೆ. ವರ್ಷದ ಕೆಲಸವೆಂದರೆ ಇದೊಂದು ಚಿತ್ರ: ಒಬ್ಬ ಮನುಷ್ಯ ದಿನವೂ ಮಾಡುವ ಒಂದು ಕೆಲಸ, ಮಾತಿಲ್ಲದೆ. ನಾನು ನಿಮ್ಮ ಬೆಳಗಿನ ಟೀ ಆರಿಸಿಕೊಂಡಾಗ ಸರ್ ಒಪ್ಪಿದರು. "ಸುಲಭದ್ದು ಆರಿಸ್ಕೊಂಡಿದ್ದೀಯ. ನೋಡೋಣ" ಎಂದರು.

ಶಾಲೆಯಲ್ಲಿ ಒಂದು ಕಟ್ಟಳೆ ಇದೆ. ಚಿತ್ರದ ಮೊದಲ ಪ್ರದರ್ಶನ ಅದನ್ನು ತೆಗೆದ ಊರಿನಲ್ಲೇ ಆಗಬೇಕು, ಅದರಲ್ಲಿ ಕಾಣಿಸಿಕೊಂಡವರ ಎದುರಿಗೆ. ತೆಗೆದವರು ಆ ದಿನ ಅಲ್ಲಿಗೆ ಹೋಗುವಂತಿಲ್ಲ. ಹೋದರೆ ಎದ್ದು ನಿಂತು ವಿವರಣೆ ಕೊಡುತ್ತಾರೆ ಎಂದು ಸರ್ ಅನ್ನುತ್ತಾರೆ. ನನ್ನ ಕೋಣೆಯ ಕನಕಲಕ್ಷ್ಮಿ ಪ್ರೊಜೆಕ್ಟರ್ ತರುತ್ತಾಳೆ. ಚಿಂತಾಮಣಿಯವಳು, ಅಲ್ಲಿನ ಕಚೇರಿಯ ಗುಮಾಸ್ತರೊಬ್ಬರ ಮಗಳು. ಅಮ್ಮನ ಹುಚ್ಚೆಳ್ಳು ಚಟ್ನಿಯನ್ನು ಅರ್ಧಕ್ಕಿಂತ ಹೆಚ್ಚು ತಿಂದವಳು ಅವಳೇ.

ಟೀ ಅಂಗಡಿಯ ಪಿಳ್ಳಣ್ಣನವರಿಗೆ ನಾನು ಕೇಳಿದೆನೆಂದು ಹೇಳಿ. ತಲೆಗೆ ಎಣ್ಣೆ ಹಚ್ಚಿ, ಮಡಿಕೆ ಬಿಡಿಸದ ಅಂಗಿ ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದರಲ್ಲ, ಅದಾದರೂ ಬಂದಿರಲಿ.

ನಿಮ್ಮ ಮಗಳು,
ಗಂಗ

---

ನೇರಳಪಲ್ಲಿ, ಸಾದಲಿ ಹೋಬಳಿ
29 ಆಗಸ್ಟ್ 1988

ಚಿ. ಮುನಿಗಂಗಮ್ಮನಿಗೆ ಚೆನ್ನರಾಯಪ್ಪನ ಆಶೀರ್ವಾದ.

ನಿನ್ನ ಕಾಗದ ಶಾಲೆಯ ವಿಳಾಸಕ್ಕೆ ಬಂತು. ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಓದಿಕೊಂಡೆ. ಮನೆಯಲ್ಲಿ ನಿಮ್ಮಮ್ಮನಿಗೆ ಎರಡು ಸಲ ಓದಿದೆ. "ಎಣ್ಣೆ ಮಿಲ್ಲಂತೆ, ಇಲಿ ಇರ್ತವೆ, ಮೈಮರೆತು ಮಲಗ್ತಾಳೆ ಇವ್ಳು" ಎಂದಳು.

ಪಿಳ್ಳಣ್ಣ ದಿನವೂ ಕೇಳುತ್ತಾನೆ. "ಮೇಷ್ಟ್ರೇ, ನಮ್ಮ ಸಿನಿಮಾ ಯಾವಾಗ?" ಬಸ್ಸಿಗೆ ಕಾದವರಿಗೆಲ್ಲ ಹೇಳಿಯಾಗಿದೆ. ಅವನ ತಾಯಿ ಚಿಕ್ಕವೆಂಕಟಮ್ಮನಂತೂ ನಿನ್ನೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ನಾನೂ ಬಂದಿದ್ದೀನಾಪ್ಪ ಅದ್ರಾಗೆ? ನಾನು ಒಳಗೆ ಹುಣಸೇಹಣ್ಣು ಬಿಡಿಸ್ತಾ ಇದ್ನಲ್ಲ, ನಿನ್ ಮಗಳು ಒಳಕ್ಕೆ ಬರ್ಲೇ ಇಲ್ಲ" ಎಂದು ಜಗಳ ತೆಗೆದರು.

ಫಿಲ್ಮು ಖಾಲಿ ಬಂದರೆ ಎದೆಗುಂದಬೇಡ. ಖಾಲಿ ಬಂದರೂ ಒಳ್ಳೆಯದೇ ಎಂದು ತಿಳಿ.

ಒಂದು ವಿಷಯ. ನೀನು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಟ್ಟು ತೆಗೆದೆ. ಕೆಳಗಿನಿಂದ ನೋಡಿದರೆ ಮೇಲಿನದು ಎಷ್ಟು ಕಾಣುತ್ತದೆ? ಅಂಗಡಿಯ ಸೂರು ಅದರಲ್ಲಿ ಬರುತ್ತದೆಯೇ? ಸುಮ್ಮನೆ ಕೇಳಿದೆ.

ಇಂತಿ,
ಚೆನ್ನರಾಯಪ್ಪ

---

ತೊಂಡೇಬಾವಿ
18 ಸೆಪ್ಟೆಂಬರ್ 1988

ಅಪ್ಪನಿಗೆ,

ಫಿಲ್ಮು ಬಂತು. ಖಾಲಿ ಇರಲಿಲ್ಲ.

ನೀವು ಸೂರಿನ ವಿಷಯ ಬರೆದಿದ್ದಿರಿ. ಆ ಸಾಲನ್ನು ನಾನು ಓದಿಯೂ ಓದಿರಲಿಲ್ಲ. ಈಗ ನಾಲ್ಕು ದಿನದಿಂದ ಅದೊಂದೇ ಸಾಲು ಓದುತ್ತಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬುಧವಾರ ಸಂಜೆ ಎಲ್ಲರೂ ಮಿಲ್ಲಿನ ಗೋಡೆಯ ಎದುರು ಚಾಪೆ ಹಾಸಿ ಕುಳಿತೆವು. ಗೋಡೆಯ ಮೇಲೆ ನೀವು ಬಂದಿರಿ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿದಿರಿ. ಪಂಚೆಯ ತುದಿ ಸರಿಮಾಡಿಕೊಂಡಿರಿ. ನಾನು ಅಳುವುದರಲ್ಲಿದ್ದೆ, ಚಿತ್ರ ಅಷ್ಟು ಚೆನ್ನಾಗಿ ಬಂದಿತ್ತು. ಪಿಳ್ಳಣ್ಣನವರು ಕೈಮುಗಿದರು. ಬಾಯಿ ನೋಡಿದರೆ "ಬನ್ನಿ ಮೇಷ್ಟ್ರೇ" ಅಂದದ್ದು ತಿಳಿಯುತ್ತದೆ. ಆಗ ನಿಮ್ಮ ಕೈ ಮೇಲೆ ಹೋಯಿತು. ನೀವು ಮೇಲೆ ನೋಡಲಿಲ್ಲ. ಕತ್ತಲಲ್ಲಿ ಅಮ್ಮನ ಕೈ ಬೆಂಕಿಪೊಟ್ಟಣಕ್ಕೆ ಹೋಗುವ ಹಾಗೆ ಹೋಯಿತು. ಸೂರಿನ ಗಳಕ್ಕೆ ಬೋರಲು ಸಿಕ್ಕಿಸಿದ್ದ ಮೂರು ಅಲ್ಯೂಮಿನಿಯಂ ಲೋಟಗಳಲ್ಲಿ ಒಂದನ್ನು ತೆಗೆದಿರಿ, ತೊಟ್ಟಿಯ ನೀರಿನಲ್ಲಿ ತೊಳೆದಿರಿ, ಕಲ್ಲಿನ ಮೇಲೆ ಕುಳಿತು ಮುಂದೆ ಹಿಡಿದಿರಿ. ಅವರು ಎತ್ತರದಿಂದ ಸುರಿದರು. ಹಿಂದೆ ಬೆಂಚಿನ ಮೇಲೆ ಕುಳಿತವರ ಕೈಯಲ್ಲಿ ಗಾಜಿನ ಲೋಟಗಳು ಮಿನುಗುತ್ತಿದ್ದವು. ಕುಡಿದ ಮೇಲೆ ನೀವೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಿದಿರಿ.

ಸರ್ ಪ್ರೊಜೆಕ್ಟರ್ ನಿಲ್ಲಿಸಿದರು.

"ಅದೇನಮ್ಮ, ಸೂರಲ್ಲಿ?"

"ಲೋಟ ಸರ್."

"ಅಲ್ಲಿ ಯಾಕಿದೆ?"

"ಅದು ಇರೋದೇ ಅಲ್ಲಿ ಸರ್" ಎಂದೆ.

ಆಮೇಲೆ ನಾನು ಹೇಳಿದ್ದು ನನಗೇ ಕೇಳಿಸಿತು. ಕನಕಲಕ್ಷ್ಮಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳು ಚಾಪೆಯ ಅಂಚನ್ನು ನೋಡುತ್ತಿದ್ದಳು.

ಹುಟ್ಟಿದಾಗಿನಿಂದ ನೋಡಿದ್ದೇನೆ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು, ಬೆಳಕು ಅಳೆದು, ದೂರ ಅಳೆದು, ಮೂರು ಬೆಳಗ್ಗೆ ನೋಡಿದ್ದೇನೆ. ಕಾಣಲಿಲ್ಲ. ಕೆಲಸ ಮಾಡುವವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಡಬೇಕು ಎಂದು ಕಲಿಸಿದ್ದಾರೆ. ನೀವು ಕುಳಿತಿದ್ದ ಕಲ್ಲು ಅಷ್ಟು ಕೆಳಗಿದ್ದುದರಿಂದ ಸೂರು ಪೂರ್ತಿ ಬಂದುಬಿಟ್ಟಿದೆ.

ಈಗ ಇದನ್ನು ಪಿಳ್ಳಣ್ಣನವರ ಗೋಡೆಯ ಮೇಲೆ, ಊರೆಲ್ಲ ಕುಳಿತಿರುವಾಗ, ಇಷ್ಟು ದೊಡ್ಡದಾಗಿ ತೋರಿಸಬೇಕು. ನೀವು ಅಲ್ಲಿ ಇರುತ್ತೀರಿ. ನಾನು ಇರುವುದಿಲ್ಲ.

ಏನು ಮಾಡಲಿ, ಬರೆಯಿರಿ.

ಗಂಗ

---

ನೇರಳಪಲ್ಲಿ
23 ಸೆಪ್ಟೆಂಬರ್ 1988

ಗಂಗಮ್ಮ,

ಕತ್ತರಿಸಿಬಿಡು.

ಈ ಕಾಗದವನ್ನು ಮನೆಯಲ್ಲಿ ಬರೆಯುತ್ತಿಲ್ಲ. ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿದೆ. ಓದಬಾರದಿತ್ತು. "ಸುಟ್ಟಾಕು ಅಂತ ಬರಿ" ಎಂದಳು, ಮತ್ತೆ ರೇಷ್ಮೆ ಹುಳುವಿನ ಮನೆಗೆ ಹೋದವಳು ಊಟಕ್ಕೂ ಬರಲಿಲ್ಲ.

ಆಚೆ ಹಟ್ಟಿಯ ಮುನಿಶಾಮಿಯನ್ನು ನೀನು ಮರೆತಿರಲಾರೆ. ನೀನು ಹಾಸ್ಟೆಲಿನಲ್ಲಿದ್ದಾಗ ನಡೆದದ್ದು, ಪೂರ್ತಿ ಹೇಳಿರಲಿಲ್ಲ. ಅವನು ಒಂದು ದಿನ ಬೆಂಚಿನ ಮೇಲೆ ಕುಳಿತು ಗಾಜಿನ ಲೋಟದಲ್ಲಿ ಕೊಡಿ ಎಂದ. ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಪಿಳ್ಳಣ್ಣ ನಕ್ಕು, "ನಾಳೆ ನೋಡಣ ಬಾಪ್ಪ" ಎಂದ. ಕೆಲವು ದಿನ ಏನೂ ಆಗಲಿಲ್ಲ. ಮುನಿಶಾಮಿಯ ಹುಳು ಆಗ ನಾಲ್ಕನೇ ಜ್ವರದಲ್ಲಿ ಪೊರೆ ಬಿಟ್ಟು ಎದ್ದು, ಹಗಲು ರಾತ್ರಿ ಎಲೆ ತಿನ್ನುತ್ತಿದ್ದವು. ಒಂದು ಬೆಳಗ್ಗೆ ಎಲೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳಲ್ಲಿ ಒಂದು ಹುಳುವೂ ತಲೆ ಎತ್ತಲಿಲ್ಲ. ಎಲೆಗೆ ಔಷಧಿ ಬಿದ್ದಿತ್ತು. ಯಾರು ಹೊಡೆದರೋ ಯಾರೂ ನೋಡಲಿಲ್ಲ. ಅವನು ಈಗ ಬೆಂಗಳೂರಿನಲ್ಲಿ ಮೂಟೆ ಹೊರುತ್ತಾನೆ.

ನಮ್ಮ ಹುಳುವಿಗೂ ಎಲೆ ಬರುವುದು ಹೊರಗಿನ ತೋಟದಿಂದಲೇ.

ನಿನ್ನ ಮೇಲೆ ನನಗೆ ಕೋಪವಿಲ್ಲ. ನೀನು ಬೇಕೆಂದು ತೆಗೆಯಲಿಲ್ಲ. ಬೇಕೆಂದು ತೆಗೆದಿದ್ದರೂ ಇದೇ ಬರೆಯುತ್ತಿದ್ದೆ. ಕತ್ತರಿಸು. ನಿಮ್ಮ ಸರ್ ಒಪ್ಪದಿದ್ದರೆ ನಾನೇ ಬಂದು ಮಾತಾಡುತ್ತೇನೆ.

ಓದಿ ಹರಿದುಹಾಕು.

ಚೆನ್ನರಾಯಪ್ಪ

---

ತೊಂಡೇಬಾವಿ
2 ಅಕ್ಟೋಬರ್ 1988

ಅಪ್ಪನಿಗೆ,

ನೀವು ಬರುವುದು ಬೇಡ. ಸರ್ ಜೊತೆ ನಾನೇ ಮಾತಾಡಿದೆ.

ಮೊದಲು, ಪ್ರದರ್ಶನವೇ ಬೇಡ ಎಂದು ಕೇಳಿಕೊಂಡೆ. ಮುನಿಶಾಮಿಯ ವಿಷಯವನ್ನೂ ಹೇಳಿದೆ. ಅವರು ಲೆನ್ಸು ಒರೆಸುತ್ತಿದ್ದರು. "ತೋರಿಸ್ದೆ ಹೋದ್ರೆ ಅವ್ರೇನು ಸುಮ್ನಿರ್ತಾರಾ? ಯಾಕೆ ತೋರಿಸ್ಲಿಲ್ಲ ಅಂತ ಕೇಳಲ್ವಾ?" ಎಂದರು. ಅದು ನಿಜ. ಪಿಳ್ಳಣ್ಣನವರು ದಿನವೂ ಕೇಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಕತ್ತರಿಸಲೇ ಎಂದೆ. "ಚಿತ್ರ ನಿಂದು, ಕತ್ತರಿ ನಿಂದು. ಅಲ್ಲಿ ಇರೋರು ನಿಮ್ಮಪ್ಪ. ನಾನು ಹೇಳೋಕಾಗಲ್ಲ" ಎಂದು ಎದ್ದು ಹೋದರು.

ಕತ್ತರಿಸಿದೆ. ಫಿಲ್ಮಿನ ಅಂಚನ್ನು ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಎರಡು ತುದಿಗಳನ್ನು ಒತ್ತಿ ಹಿಡಿಯಬೇಕು. ಹಾಗೆ ಕೆರೆಯುವಾಗ ಪ್ರತಿ ಸಲವೂ ಫಿಲ್ಮಿನ ಒಂದು ಚೌಕ ಹಾಳಾಗುತ್ತದೆ. ನಿಮ್ಮ ಕೈ ಸೂರಿಗೆ ಹೋಗುವುದು, ಲೋಟ ತೊಳೆಯುವುದು, ಮತ್ತೆ ಸಿಕ್ಕಿಸುವುದು ಎಲ್ಲ ಹೋಯಿತು. ಸೂರು ಕಾಣುವ ಕಡೆಯೆಲ್ಲ ಕತ್ತರಿ ಹಾಕಿದೆ. ಈಗ ನೀವು ಸೈಕಲ್ಲಿನಿಂದ ಇಳಿಯುತ್ತೀರಿ, ಪಿಳ್ಳಣ್ಣನವರು ಕೈಮುಗಿಯುತ್ತಾರೆ, ಹಾಲು ಉಕ್ಕುತ್ತದೆ, ನಿಮ್ಮ ಕೈಯಲ್ಲಿ ಲೋಟವಿರುತ್ತದೆ. ನೀವು ಕುಡಿಯುವಾಗ ಹಬೆ ಕನ್ನಡಕಕ್ಕೆ ಹತ್ತುತ್ತದೆ. ಆಮೇಲೆ ಸೈಕಲ್ಲು ಹೋಗುತ್ತದೆ. ನೋಡಿದರೆ ಎಲ್ಲರೂ ಸಂತೋಷವಾಗಿರುವ ಊರು.

ಮೊದಲಿನದಕ್ಕಿಂತ ಚೆನ್ನಾಗಿದೆ ಎಂದು ಒಬ್ಬ ಹುಡುಗ ಹೇಳಿದ. ಸರ್ ಮಾತ್ರ "ಲೋಟ ಹಾರ್ತು" ಎಂದರು. ಒಂದು ವಸ್ತು ಎಲ್ಲಿಂದಲೋ ಬರುವುದನ್ನು ತೋರಿಸದೆ ಸುಮ್ಮನೆ ಕೈಯಲ್ಲಿ ಇಟ್ಟರೆ ಅದನ್ನು ಹಾಗೆ ಅನ್ನುತ್ತಾರೆ. ನೋಡುವವರಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. "ಕೆಲವರಿಗೆ ಆಗುತ್ತೆ" ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಗುತ್ತದೆ ಅಪ್ಪ. ಯಾರೂ ಗಮನಿಸುವುದಿಲ್ಲ. ನಾನು ಬೇಕೆಂದೇ ಹತ್ತಾರು ಸಲ ನೋಡಿದೆ.

ಕತ್ತರಿಸಿದ ತುಂಡುಗಳನ್ನು ಸುಡಲಿಲ್ಲ. ಒಂದು ಸಣ್ಣ ಡಬ್ಬದಲ್ಲಿ ಹಾಕಿ ನನ್ನ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅಮ್ಮನಿಗೆ ಸುಟ್ಟೆ ಎಂದು ಹೇಳಿ.

ನಿಮ್ಮನ್ನು ಒಂದು ಮಾತು ಕೇಳಬೇಕೆಂದು ಎರಡು ವಾರದಿಂದ ಇದ್ದೇನೆ. ನೀವು ಮೇಷ್ಟರಾದ ಮೇಲೂ ಯಾಕೆ? ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಗಂಗ

---

ನೇರಳಪಲ್ಲಿ
24 ಅಕ್ಟೋಬರ್ 1988

ಚಿ. ಗಂಗಮ್ಮನಿಗೆ,

ನೀನು ಕತ್ತರಿಸಿದ್ದು ತಿಳಿದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲವೇನೋ.

ಹಿಂದಿನ ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರುಕಟ್ಟೆಗೆ ನಾನೇ ಹೋಗಿ ಬಂದೆ. ಮುಂದಿನ ತಿಂಗಳು ನಿಮ್ಮಮ್ಮ ಮತ್ತೆ ಮರಿಹುಳು ತರುತ್ತಾಳಂತೆ. ಈ ಸಲ ಬಿಟ್ಟುಬಿಡು ಎಂದೆ. "ಯಾಕೆ, ಏನಾಯ್ತು ಈ ಸಲ?" ಎಂದು ನನ್ನ ಮುಖವನ್ನೇ ನೋಡಿದಳು. ಏನೂ ಇಲ್ಲ ಎಂದೆ.

ನಿಮ್ಮ ಶಾಲೆಯಿಂದ ಕಾರ್ಡು ಬಂದಿದೆ. ನವೆಂಬರ್ ಹನ್ನೆರಡು, ಶನಿವಾರ, ಮುಸ್ಸಂಜೆ. ಪಿಳ್ಳಣ್ಣ ಅಂಗಡಿಯ ಎದುರಿನ ಗೋಡೆಗೆ ಸುಣ್ಣ ಹೊಡೆಸಿದ್ದಾನೆ. ಕರೆಂಟು ತನ್ನ ಅಂಗಡಿಯಿಂದಲೇ ಕೊಡುತ್ತೇನೆ ಎನ್ನುತ್ತಾನೆ. ನನ್ನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುವನಂತೆ. "ಹೀರೋ ನೀವಲ್ವಾ ಮೇಷ್ಟ್ರೇ" ಎಂದು ಎಲ್ಲರ ಮುಂದೆ ಹೇಳಿದ. ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ಕೇಳಿದ್ದಕ್ಕೆ. ನನಗೆ ಕೆಲಸ ಸಿಕ್ಕಿ, ಮೊದಲ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಡಿಯ ಮುಂದೆ ನಿಂತೆ. ಈ ದಿನ ಅವನೇ ಬೇರೆ ಲೋಟ ಕೊಡಬಹುದು ಎಂದುಕೊಂಡೆ. ಅವನು ಒಲೆ ಬಿಟ್ಟು ಎದ್ದು ಬಂದ. ಆವರೆಗೆ "ಏನೋ ಚೆನ್ನ" ಎನ್ನುತ್ತಿದ್ದವನು ಎರಡೂ ಕೈ ಜೋಡಿಸಿ "ಬನ್ನಿ ಮೇಷ್ಟ್ರೇ" ಎಂದ. ನನಗೆ ಅಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ನನ್ನ ಕೈ ಸೂರಿಗೆ ಹೋಯಿತು. ಆಮೇಲೆ ಕೈಯನ್ನು ಹಿಂದಕ್ಕೆ ತರುವ ದಿನ ಬರಲಿಲ್ಲ.

ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ಇಂತಿ,
ಚೆನ್ನರಾಯಪ್ಪ

---

ತೊಂಡೇಬಾವಿ
21 ನವೆಂಬರ್ 1988

ಅಪ್ಪನಿಗೆ,

ಪ್ರದರ್ಶನವಾಗಿ ಒಂಬತ್ತು ದಿನವಾಯಿತು. ನಿಮ್ಮಿಂದ ಕಾಗದವಿಲ್ಲ. ಇದು ನಾನು ಬರೆಯುತ್ತಿರುವ ಮೂರನೆಯದು. ಮೊದಲಿನ ಎರಡು ತಲುಪಿದವೇ?

ಕನಕಲಕ್ಷ್ಮಿ ವಾಪಸ್ಸು ಬಂದ ದಿನ ಪ್ರೊಜೆಕ್ಟರನ್ನು ಒಳಗಿಟ್ಟು ಸೀದಾ ಮಲಗಿಬಿಟ್ಟಳು. ಹೇಗಾಯಿತು ಎಂದರೆ "ಚೆನ್ನಾಗಾಯ್ತು" ಎಂದಳು. ನಾನು ಬಿಡಲಿಲ್ಲ. ಮಾರನೆಯ ದಿನ ಬಟ್ಟೆ ಒಗೆಯುವಾಗ ಸ್ವಲ್ಪ ಹೇಳಿದಳು. "ಜನ ನಗ್ತಾ ಇದ್ರು ಕಣೇ. ಒಬ್ರು ಅಜ್ಜಿ ಏನೋ ಕೂಗಿ ಕೇಳಿದ್ರು. ಇನ್ನೂ ಜೋರಾಗಿ ನಕ್ರು. ನಿಮ್ಮಪ್ಪ ಕುರ್ಚಿಯಿಂದ ಏನೋ ಅಂದ್ರು. ಪ್ರೊಜೆಕ್ಟರ್ ಸದ್ದಲ್ಲಿ ನಂಗೆ ಕೇಳಿಸ್ಲಿಲ್ಲ. ಆಮೇಲೆ ಯಾರೂ ನಗ್ಲಿಲ್ಲ. ಆಮೇಲೆ ಕರೆಂಟ್ ಹೋಯ್ತು." ಬರೀ ಪ್ರೊಜೆಕ್ಟರಿಗೆ ಹೋಯಿತೇ, ಊರಿಗೇ ಹೋಯಿತೇ ಎಂದು ಕೇಳಿದೆ. ಬೀದಿ ದೀಪ ಉರಿಯುತ್ತಿತ್ತು ಎಂದಳು. ಹೇಳಿ, ಒಗೆಯುತ್ತಿದ್ದ ಬಟ್ಟೆಯನ್ನು ಬಿಟ್ಟು ಎದ್ದು ಹೋದಳು.

ನೀವು ಏನು ಅಂದಿರಿ?

ಅಮ್ಮ ಮರಿಹುಳು ತಂದಿದ್ದರೆ ಅವು ಈಗ ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತು. ಮುನಿಶಾಮಿಯ ವಿಷಯ ನೀವು ಬರೆಯದಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿದರೆ ತಟ್ಟೆಗಳು ಕಾಣುತ್ತವೆ.

ಹುಳು ಬಿಟ್ಟು ಇಬ್ಬರೂ ಇಲ್ಲಿಗೆ ಬಂದುಬಿಡಿ. ಮಿಲ್ಲಿನ ಹಿಂದೆ ಒಂದು ಕೋಣೆ ಖಾಲಿ ಇದೆ, ಸರ್ ಕೊಡುತ್ತಾರೆ. ಭಾನುವಾರದೊಳಗೆ ಕಾಗದ ಬರದಿದ್ದರೆ ಯಾರನ್ನೂ ಕೇಳದೆ ನಾನೇ ಹೊರಟು ಬರುತ್ತೇನೆ.

ಗಂಗ

---

ನೇರಳಪಲ್ಲಿ
24 ನವೆಂಬರ್ 1988

ಚಿ. ಗಂಗಮ್ಮನಿಗೆ,

ಮೂರೂ ಕಾಗದ ತಲುಪಿವೆ. ನಾವಿಬ್ಬರೂ ಇದ್ದೇವೆ. ಬರೆಯಲು ಕುಳಿತಾಗಲೆಲ್ಲ, ನಾಳೆ ಏನಾದರೂ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಬರೆಯೋಣ ಎಂದು ಎತ್ತಿಡುತ್ತಿದ್ದೆ. ಇನ್ನೂ ಏನೂ ಗೊತ್ತಾಗಿಲ್ಲ.

ಆ ಸಂಜೆ ಜನ ಚೆನ್ನಾಗಿ ಸೇರಿತ್ತು. ಸಾದಲಿಯಿಂದಲೂ ಬಂದಿದ್ದರು. ನನಗೆ ಕುರ್ಚಿ ಹಾಕಿದ್ದರು. ಬೆನ್ನ ಹಿಂದೆ ಅಷ್ಟು ಜನ ನೆಲದ ಮೇಲಿರುವಾಗ ಕುರ್ಚಿಯಲ್ಲಿ ಪೂರ್ತಿ ಕೂರುವುದು ನನಗೆ ಆಗಲಿಲ್ಲ, ಅದರ ಅಂಚಿನಲ್ಲಿ ಕುಳಿತೆ. ನಮ್ಮ ಹಟ್ಟಿಯವರು ದೂರದಲ್ಲಿ, ಬೇವಿನ ಮರದ ಕೆಳಗಿದ್ದರು. ನಿಮ್ಮಮ್ಮ ಬರಲಿಲ್ಲ.

ಪಿಳ್ಳಣ್ಣ ಗೋಡೆಯ ಮೇಲೆ ಕೈಮುಗಿದಾಗ ಶಿಳ್ಳೆ ಬಿತ್ತು. ಹಾಲು ಉಕ್ಕಿತು. ನನ್ನ ಕೈಯಲ್ಲಿ ಲೋಟ ಬಂತು. ನೀನು ಹೇಳಿದ ಹಾಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಉಳಿಯಿತು ಎಂದುಕೊಂಡೆ.

ಆಗ ಚಿಕ್ಕವೆಂಕಟಮ್ಮ ಹಿಂದಿನಿಂದ ಕೂಗಿದರು. "ಏಮಿರಾ ಪಿಳ್ಳಾ, ಮೇಷ್ಟ್ರ ಕೈಗೆ ಲೋಟ ಎಲ್ಲಿಂದ ಬಂತೋ? ನೀನು ಕೊಡ್ಲೇ ಇಲ್ವಲ್ಲೋ."

ಎಲ್ಲರೂ ನಕ್ಕರು. "ಸಿನಿಮಾ ಅಜ್ಜಿ, ಹಂಗೇ ಬರುತ್ತೆ" ಎಂದು ಯಾರೋ ಹೇಳಿದರು. "ಆಹಾ, ಹಂಗೇ ಬಂದ್ಬಿಡುತ್ತಾ? ನಾನೇನು ಕುರುಡಿನಾ? ಎಲ್ಲಿಂದ ಬಂತು ಹೇಳ್ರೋ" ಎಂದು ಅವರು ಬಿಡಲಿಲ್ಲ. ಪಿಳ್ಳಣ್ಣನೂ ನಗುತ್ತಿದ್ದ. ಅವನಿಗೂ ಹೊಳೆದಿರಲಿಲ್ಲ. ನಿಜವಾಗಿ ಹೊಳೆದಿರಲಿಲ್ಲ, ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಸೂರಿಂದ" ಎಂದೆ.

ನಾನು ಅದನ್ನು ಹೇಳಬೇಕೆಂದು ಎಣಿಸಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ತರಗತಿಯಲ್ಲಿ ನಿಂತಿದ್ದೇನೆ. ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಉತ್ತರ ಬಾಯಿಗೆ ಬಂದುಬಿಡುತ್ತದೆ. ಜೋರಾಗಿಯೇ ಬಂತು.

ನಗು ಮುಂದಿನಿಂದ ಹಿಂದಕ್ಕೆ ಸಾಲುಸಾಲಾಗಿ ನಿಂತಿತು. ಗೋಡೆಯ ಮೇಲೆ ನಾನು ಟೀ ಕುಡಿಯುತ್ತಲೇ ಇದ್ದೆ. ಚಿಕ್ಕವೆಂಕಟಮ್ಮ ಮಾತ್ರ, "ಹೂಂ, ಸೂರಿಂದ್ಲೇ ಮತ್ತೆ. ಅದು ನಂಗೆ ಗೊತ್ತಿಲ್ವಾ? ಅದ್ನ ಯಾಕೆ ತೋರಿಸ್ಲಿಲ್ಲಪ್ಪ ನಿನ್ ಮಗಳು?" ಎಂದರು.

ಪಿಳ್ಳಣ್ಣ ಎದ್ದ. ಅಂಗಡಿಯೊಳಗೆ ಹೋದ. ಗೋಡೆ ಕಪ್ಪಾಯಿತು. ನನ್ನ ಬೆನ್ನ ಹಿಂದೆ ಜನ ಎದ್ದು ಚಾಪೆ ಕೊಡವುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನಾನು ತಿರುಗಿ ನೋಡಲಿಲ್ಲ. ನಿನ್ನ ಗೆಳತಿ ಪಾಪ, ವೈರು ಸುತ್ತುತ್ತಾ "ಬರ್ತೀನಿ ಸರ್" ಎಂದಳು. ಅವಳ ವ್ಯಾನು ಊರು ದಾಟುವವರೆಗೆ ನಮ್ಮ ಹಟ್ಟಿಯ ನಾಲ್ವರು ಹಿಂದೆ ಕಾವಲಿಗೆ ಸೈಕಲ್ಲಿನಲ್ಲಿ ಹೋದರು. ಇದು ಅವಳಿಗೆ ಗೊತ್ತಿಲ್ಲ. ಹೇಳಬೇಡ.

ಸೋಮವಾರ ಬೆಳಗ್ಗೆ ಅಂಗಡಿಗೆ ಹೋದೆ. ಸೂರಿನಲ್ಲಿ ಲೋಟಗಳಿರಲಿಲ್ಲ. ಮೂರೂ ಇರಲಿಲ್ಲ. ಗಳದ ಮೇಲೆ ಅವು ಕುಳಿತಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಕೈ ಎತ್ತಿದವನು ಕೈ ಏನು ಮಾಡಬೇಕೆಂದು ತಿಳಿಯದೆ ತಲೆ ಸವರಿಕೊಂಡೆ. ಪಿಳ್ಳಣ್ಣ ಕೈಮುಗಿಯಲಿಲ್ಲ. ಒಲೆಯನ್ನೇ ನೋಡುತ್ತಾ, "ಹಾಲು ಒಡೆದೋಗದೆ ಮೇಷ್ಟ್ರೇ" ಎಂದ. ಹಾಲು ಅವನ ಮುಂದೆ ಕುದಿಯುತ್ತಿತ್ತು. ಬೆಂಚಿನ ಮೇಲಿದ್ದವರ ಕೈಯಲ್ಲಿ ಟೀ ಇತ್ತು. ಸರಿ ಎಂದು ಸೈಕಲ್ಲು ಹತ್ತಿದೆ.

ಮಂಗಳವಾರ ಹೋದೆ. ಹಾಲು ಒಡೆದಿತ್ತು. ಅಂದಿನಿಂದ ದಿನವೂ ಹೋಗುತ್ತಿದ್ದೇನೆ, ದಿನವೂ ಒಡೆದಿರುತ್ತದೆ. ಈಗ ಅವನು ಹೇಳುವುದಕ್ಕೆ ಮೊದಲು ಬೆಂಚಿನವರನ್ನು ನೋಡುತ್ತಾನೆ. ಅವನಿಗೂ ಹೆದರಿಕೆ ಇದೆ. ಯಾರದು ಎಂದು ನನಗೆ ತಿಳಿಯದು. ನಿನ್ನೆ ಚಿಕ್ಕವೆಂಕಟಮ್ಮ ಒಳಗಿನಿಂದ, "ಚೆನ್ನಾಗೇ ಇದ್ಯಲ್ಲೋ ಹಾಲು, ಎಲ್ಲಿ ಒಡೆದೈತೆ?" ಎಂದರು. ಅವನು ಬಾಗಿಲು ಎಳೆದುಕೊಂಡ.

ನಿಮ್ಮಮ್ಮ ಪ್ರತಿ ಬುಟ್ಟಿ ಎಲೆಯನ್ನೂ ಮೂಸಿ ನೋಡುತ್ತಾಳೆ. ಮೊದಲು ನಾಲ್ಕು ಹುಳುವಿಗೆ ಹಾಕಿ, ಅವು ತಿಂದು ತಲೆ ಎತ್ತುವುದನ್ನು ಕಾದು, ಆಮೇಲೆ ಉಳಿದವಕ್ಕೆ ಹಾಕುತ್ತಾಳೆ. ಮಲಗುವುದೂ ತಟ್ಟೆಗಳ ಕೆಳಗೇ. ಹುಳು ನಿನ್ನೆ ನಾಲ್ಕನೇ ಜ್ವರಕ್ಕೆ ಕೂತವು. ಈ ಒಂದು ದಿನ ಅವು ಏನೂ ತಿನ್ನುವುದಿಲ್ಲ, ಆದ್ದರಿಂದ ಇವತ್ತು ಭಯವಿಲ್ಲ. ಅದಕ್ಕೇ ಈ ದಿನ ಬರೆಯುತ್ತಿದ್ದೇನೆ. ನಾಳೆ ಏಳುತ್ತವೆ.

ನಾವು ಅಲ್ಲಿಗೆ ಬರುವುದಿಲ್ಲ. ಹುಳು ಬಿಟ್ಟು ಬರುವುದಕ್ಕಾಗುವುದಿಲ್ಲ. ಅದೂ ಅಲ್ಲದೆ ನಾಳೆ ಬೆಳಗ್ಗೆ ನಾನು ಅಂಗಡಿಯ ಮುಂದೆ ಕಾಣದಿದ್ದರೆ ಲೋಟಗಳು ಮತ್ತೆ ಸೂರಿಗೆ ಬರುತ್ತವೆ ಎಂದು ನನಗೆ ಅನ್ನಿಸುತ್ತದೆ.

ನೀನು ಬರುವುದಾದರೆ ಹಗಲು ಬಸ್ಸಿಗೆ ಬಾ. ಒಬ್ಬಳೇ ಬರಬೇಡ. ಟ್ರಂಕಿನಲ್ಲಿಟ್ಟಿರುವ ತುಂಡುಗಳನ್ನು ಅವುಗಳ ಜಾಗಕ್ಕೆ ಅಂಟಿಸಿ ತೆಗೆದುಕೊಂಡು ಬಾ. ಒಂದೆರಡು ಚೌಕ ಹಾಳಾದರೆ ಆಗಲಿ. ಗೋಡೆಯ ಸುಣ್ಣ ಇನ್ನೂ ಹಾಗೇ ಇದೆ. ಕರೆಂಟು ಎಲ್ಲಿಂದ ಎಂದು ಗೊತ್ತಿಲ್ಲ, ಕೇಳುತ್ತಿದ್ದೇನೆ.

ಇಂತಿ,
ಚೆನ್ನರಾಯಪ್ಪ

ಸುಟ್ಟಿಲ್ಲ ಎಂಬುದನ್ನು ಈ ದಿನ ನಿಮ್ಮಮ್ಮನಿಗೆ ಹೇಳಿದೆ. ಈಗ ಹುಳುವಿನ ಮನೆಯಿಂದಲೇ ಕೂಗಿ ಹೇಳುತ್ತಿದ್ದಾಳೆ: "ಆ ಡಬ್ಬಾನ ಬಿಸಿಲಲ್ಲಿ ಇಡಬ್ಯಾಡ ಅಂತ ಬರಿ."